ಬರ್ಲಿನ್‌ನಲ್ಲಿ ಭಾನುವಾರ ಒಬ್ರೇ ಎಲ್ಲಿ ಸುತ್ತುತೀರಾ?

ಪ್ರಶ್ನೆ: ನಾನಿರೋದು ಬರ್ಲಿನ್ನಿನ ನಾಯ್‌ಕೋಲ್ನ್ ಏರಿಯಾದಲ್ಲಿ, ಭಾನುವಾರ ಬಂತಂದ್ರೆ ಅಂಗಡಿ ಬಹುತೇಕ ಬಂದ್, ಹಾಗಂತ ಬೇಜಾರೇನಿಲ್ಲ ಒಬ್ನೇ ಸುತ್ತೋದು ನಂಗಿಷ್ಟಾನೇ, ನಡ್ಕೊಂಡು ಹೋಗೋ ದೂರದಲ್ಲಿ ಏನಿದೆ ಹೇಳ್ರಪ್ಪ.

ಉತ್ತರ 1: ಟೆಂಪಲ್‌ಹೋಫರ್ ಫೆಲ್ಡ್ ಪಕ್ಕದಲ್ಲೇ ಇದ್ಯಲ್ಲ ಗುರು! 2008ರಲ್ಲಿ ಮುಚ್ಚಿದ ಏರ್‌ಪೋರ್ಟು, 2010ರಿಂದ ಪಾರ್ಕು. ರನ್‌ವೇ ಮೇಲೇ ಸೈಕಲ್ ಹೊಡೀಬೋದು, ಗಾಳಿಪಟ ಹಾರಿಸೋರು, ಸ್ಕೇಟ್‌ಬೋರ್ಡಿಗೆ ಹಾಯಿ ಕಟ್ಕೊಂಡು ಸುಯ್ಯಂತ ಹೋಗೋರು ಎಲ್ಲಾ ಸಿಗ್ತಾರೆ. ನೆರಳು ಕಮ್ಮಿ, ಟೋಪಿ ಇರ್ಲಿ. ಕತ್ತಲಾದ್ರೆ ಗೇಟ್ ಹಾಕ್ತಾರೆ.

ಉತ್ತರ 2: ಅಲ್ಲಿ ಜನ ಜಾಸ್ತಿ. ನಾಯ್‌ಕೋಲ್ನ್‌ನಲ್ಲೇ ಇರೋ ರಿಷಾರ್ಡ್‌ಪ್ಲಾಟ್ಸ್ ಅನ್ನೋ ಚೌಕದ ಕಡೆ ಹೋಗಿ, 1737ರಲ್ಲಿ ಬೊಹೀಮಿಯಾದಿಂದ (ಈಗಿನ ಚೆಕ್ ದೇಶದ ಭಾಗ) ವಲಸೆ ಬಂದೋರು ನೆಲೆಸಿದ ಜಾಗ, ಆಗ ಹಳ್ಳಿ ಆಗಿತ್ತು, ಕಲ್ಲು ಹಾಸಿದ ಓಣಿ, ಹಳೇ ಕುಲುಮೆ. ಇಯರ್‌ಫೋನ್ ಮನೇಲೇ ಬಿಡಿ.

ಪ್ರಶ್ನೆ ಕೇಳಿದವರು: ಎರಡೂ ನೋಡ್ತೀನಿ, ಥ್ಯಾಂಕ್ಸ್. ಫ್ಲಾಸ್ಕಲ್ಲಿ ಕಾಫಿ ರೆಡಿ.