ಸಹಾಯ ಬೇಕು: ಕೋಟಿಂಗ್‌ಗೆ ಒಳ್ಳೆ ಟೈಟಾನಿಯಂ ಆಕ್ಸೈಡ್ ಪುಣೆಯಲ್ಲಿ ಎಲ್ಲಿ ಸಿಗುತ್ತದೆ?

ಪುಣೆ ಕನ್ನಡಿಗರಿಗೆ ನಮಸ್ಕಾರ. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಚಿಕ್ಕ ಕೋಟಿಂಗ್ ಘಟಕ ಇದೆ. ನಿರ್ವಾತದಲ್ಲಿ ಎಲೆಕ್ಟ್ರಾನ್ ಬೀಮ್‌ನಿಂದ ಆಕ್ಸೈಡ್ ಕಾಯಿಸಿ, ಆ ಆವಿಯಿಂದ ಲೆನ್ಸ್‌ಗಳ ಮೇಲೆ ಪ್ರತಿಫಲನ ತಡೆಯುವ ಪದರ ಹಾಕುತ್ತೇವೆ.

ತೊಂದರೆ ಇರುವುದು ಟೈಟಾನಿಯಂ ಡೈಆಕ್ಸೈಡ್‌ನಲ್ಲಿ. ಕಾದಾಗ ಅದು ಆಮ್ಲಜನಕ ಬಿಡುತ್ತದೆ. ಚೇಂಬರ್ ಒತ್ತಡ ಏರುತ್ತದೆ, ಕಣ ಸಿಡಿದು ಗಾಜಿನ ಮೇಲೆ ಚುಕ್ಕೆ ಬೀಳುತ್ತದೆ. ಅದಕ್ಕೇ ಟೈಟಾನಿಯಂನದೇ ಇನ್ನೊಂದು ಆಕ್ಸೈಡ್ ಆದ ಟ್ರೈಟಾನಿಯಂ ಪೆಂಟಾಕ್ಸೈಡ್‌ಗೆ ಹೋಗಬೇಕೆಂದಿದ್ದೇವೆ. ಕರಗಿದರೂ ಅದರ ಸಂಯೋಜನೆ ಅಷ್ಟಾಗಿ ಬದಲಾಗುವುದಿಲ್ಲ. ಹಾಗಾಗಿ ಪ್ರತಿ ಬ್ಯಾಚಿನಲ್ಲೂ ಪದರದ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) ಹೆಚ್ಚುಕಮ್ಮಿ ಒಂದೇ ಬರುತ್ತದೆ. ಆದರೂ ಚೇಂಬರ್‌ಗೆ ಹೊರಗಿನಿಂದ ಆಮ್ಲಜನಕ ಬಿಡುವುದಂತೂ ತಪ್ಪುವುದಿಲ್ಲ, ಇಲ್ಲದಿದ್ದರೆ ಪದರವೇ ಬೆಳಕು ಹೀರುತ್ತದೆ.

ನಮಗೆ ಬೇಕಿರುವುದು 99.99% ಶುದ್ಧತೆಯ, 1ರಿಂದ 3 ಮಿ.ಮೀ. ಗಾತ್ರದ ಹರಳು. ಪುಡಿ ಬೇಡ, ಅದು ಜಾಸ್ತಿ ಹಾರುತ್ತದೆ. ಕಬ್ಬಿಣ, ಕ್ರೋಮಿಯಂನಂಥ ಕಲ್ಮಶ ಎಷ್ಟಿದೆ ಎಂಬ ಪರೀಕ್ಷಾ ವರದಿ ಪ್ರತಿ ಲಾಟ್‌ಗೂ ಬೇಕೇ ಬೇಕು. ಸುಮ್ನೆ ಡಬ್ಬಿ ಮೇಲೆ 99.99 ಎಂದು ಅಚ್ಚು ಹಾಕಿದರೆ ಸಾಲದು, ಅಲ್ವಾ?

ಪುಣೆ ಅಥವಾ ಮುಂಬೈಯಲ್ಲಿ ಅರ್ಧ ಕಿಲೋದಷ್ಟು ಕೊಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನೀವೇ ಬಳಸುತ್ತಿದ್ದರೆ, ಬೀಮ್ ಪವರ್ ಎಷ್ಟು ನಿಧಾನವಾಗಿ ಏರಿಸುತ್ತೀರಿ ಎಂಬುದನ್ನೂ ಬರೆಯಿರಿ.