ಕಥೆಯಲ್ಲಿ ಬೇರೆ ಗ್ರಹದವರು ಮಗುವಿಗೆ ಹೆಸರು ಹೇಗೆ ಇಡಬೇಕು?

ತುಮಕೂರು ಓದುಗಿ:
ಎಲ್ಲರಿಗೂ ನಮಸ್ಕಾರ. ಒಂದು ಉದ್ದನೆಯ ವೈಜ್ಞಾನಿಕ ಕಥೆ ಬರೆಯುತ್ತಿದ್ದೇನೆ. ಜನ ನನ್ನ ಕಲ್ಪನೆಯವರು, ಊಮರು ಅಂತ ಕರೆದಿದ್ದೇನೆ. ಗ್ರಹಕ್ಕೆ ಮಾತ್ರ ಟ್ರಾಪಿಸ್ಟ್-1 ಅನ್ನೋ ದೂರದ ನಕ್ಷತ್ರದ ಸುತ್ತ ಇರುವ ಗ್ರಹಗಳಲ್ಲಿ ‘ಇ’ ಅನ್ನೋದನ್ನು ತಗೊಂಡಿದ್ದೇನೆ. ಚಿಕ್ಕ ಕೆಂಪು ಸೂರ್ಯ, ಒಂದು ಮುಖಕ್ಕೆ ಸದಾ ಬೆಳಕು, ಇನ್ನೊಂದಕ್ಕೆ ಸದಾ ಕತ್ತಲೆ. ಎರಡೂ ಸೇರುವ ಅಂಚಿನಲ್ಲಿ ಇವರ ವಾಸ. ತಾಯಿ ಒಂದೇ ಸಲಕ್ಕೆ ಆರೇಳು ಮರಿ ಹೆರುತ್ತಾಳೆ, ಅರ್ಧಕ್ಕರ್ಧ ಉಳಿಯುವುದಿಲ್ಲ. ನಾಮಕರಣದ ಅಧ್ಯಾಯಕ್ಕೆ ಬಂದರೆ ನನ್ನ ತಲೆಗೆ ಬರೋದು ನಮ್ಮ ಮನೆಯ ಶಾಸ್ತ್ರವೇ: 11ನೇ ದಿನ ತೊಟ್ಟಿಲು, ನಕ್ಷತ್ರದ ಪಾದ ನೋಡಿ ಅಕ್ಷರ, ಸೋದರತ್ತೆ ಕಿವಿಯಲ್ಲಿ ಹೆಸರು ಹೇಳೋದು. ಇದರಲ್ಲಿ ಏನು ಬಿಡಲಿ, ಏನು ಇಟ್ಟುಕೊಳ್ಳಲಿ?

ಕೋಲಾರದ ಮೇಷ್ಟ್ರು:
ಮೊದಲು ಆಕಾಶ ನೋಡಿ ಮೇಡಂ. ನಮ್ಮ 27 ನಕ್ಷತ್ರಗಳ ಲೆಕ್ಕ ಬಂದಿದ್ದೇ ಚಂದ್ರನಿಂದ. ಅವನು ಸುಮಾರು 27.3 ದಿನಕ್ಕೆ ಒಂದು ಸುತ್ತು ಬರುತ್ತಾನೆ, ದಿನಕ್ಕೊಂದು ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಅಲ್ಲಿ ಸೂರ್ಯ ಹುಟ್ಟೋದೂ ಇಲ್ಲ, ಮುಳುಗೋದೂ ಇಲ್ಲ. ‘11ನೇ ದಿನ’ ಅಂದರೆ ಅವರಿಗೆ ಏನೂ ಅರ್ಥವಾಗುವುದಿಲ್ಲ.

ಆದರೆ ಅವರಿಗೆ ನಮಗಿಂತ ಚೆನ್ನಾದ ಗಡಿಯಾರ ಇದೆ. ಆ ಸೂರ್ಯನ ಸುತ್ತ ಏಳು ಗ್ರಹಗಳಿವೆ, ತುಂಬ ಹತ್ತಿರ ಹತ್ತಿರ. ‘ಇ’ ಒಂದು ಸುತ್ತು ಬರೋದಕ್ಕೆ ನಮ್ಮ ಲೆಕ್ಕದಲ್ಲಿ 6.1 ದಿನ, ಅದರ ಆಚೆಗಿನ ‘ಎಫ್’ಗೆ 9.2 ದಿನ. ಅಂದರೆ ಇದು ಮೂರು ಸುತ್ತು ಮುಗಿಸುವಾಗ ಅದು ಎರಡು ಮುಗಿಸಿರುತ್ತದೆ, ಸುಮಾರು 18 ದಿನಕ್ಕೊಮ್ಮೆ ಎರಡೂ ಎದುರುಬದುರಾಗುತ್ತವೆ. ಆಗ ನಿಮ್ಮ ಊಮರು ನಿಂತಿರುವ ಅಂಚಿನಿಂದ ನೋಡಿದರೆ ಕತ್ತಲೆ ಕಡೆಯ ದಿಗಂತದಲ್ಲಿ ‘ಎಫ್’ ಪೂರ್ತಿ ಬೆಳಗಿಕೊಂಡು ದೊಡ್ಡದಾಗಿ ಕಾಣುತ್ತದೆ. ಹೆಸರಿಡೋದಕ್ಕೆ ಇದಕ್ಕಿಂತ ಒಳ್ಳೆ ಮುಹೂರ್ತ ಬೇಕಾ?

ಶಿರಾ ಸೀಮೆಯವಳು:
ಮೇಷ್ಟ್ರು ಹೇಳಿದ್ದು ಯಾವಾಗ ಅನ್ನೋದು. ನನಗೆ ಮುಖ್ಯ ಅನ್ನಿಸೋದು ಭಯ. ಅರ್ಧ ಮರಿ ಸಾಯುವ ಕಡೆ ಹುಟ್ಟಿದ ಕೂಡಲೇ ಯಾರೂ ಚಂದದ ಹೆಸರು ಇಡೋದಿಲ್ಲ ಅಕ್ಕಾ. ನಮ್ಮ ಕಡೆಯೇ ನೋಡಿ, ಹುಟ್ಟಿದ ಮಕ್ಕಳು ಉಳಿಯದೇ ಹೋದಾಗ ಮುಂದಿನದನ್ನು ತಿಪ್ಪೆ ಮೇಲೆ ಮಲಗಿಸಿ ಎತ್ತಿಕೊಂಡು ಬಂದು ತಿಪ್ಪಯ್ಯ, ತಿಪ್ಪಮ್ಮ ಅಂತ ಇಡುತ್ತಿದ್ದರು. ಸಾವಿನ ಕಣ್ಣಿಗೆ ಇದು ಬೇಡದ ಮಗು ಅನ್ನಿಸಲಿ ಅಂತ. ಎಷ್ಟು ಸಂಕಟ ಇದ್ದಿರಬೇಕು ಆ ತಾಯಂದಿರಿಗೆ.

ಇನ್ನೊಂದು ಕಡೆ ದೇವರನ್ನು ನಂಬಿ ಅವನ ಹೆಸರನ್ನೇ ಕೊಟ್ಟುಬಿಡೋದು: ಕಾಡುಗೊಲ್ಲರಲ್ಲಿ ಜುಂಜಪ್ಪ, ತುಮಕೂರು ಕಡೆ ಸಿದ್ದಗಂಗಮ್ಮ. ನಿಮ್ಮ ಊಮರು ಇವೆರಡರಲ್ಲಿ ಯಾವ ದಾರಿ ಹಿಡಿಯುತ್ತಾರೆ ಅನ್ನೋದನ್ನು ಮೊದಲು ತೀರ್ಮಾನ ಮಾಡಿ.

ಅಜ್ಜನ ಹೆಸರು ಮೊಮ್ಮಗನಿಗೆ ಇಟ್ಟರೆ ಎಷ್ಟೋ ಮನೆಗಳಲ್ಲಿ ಸೊಸೆ ಮಾವನ ಹೆಸರು ಹಿಡಿದು ಕೂಗುತ್ತಿರಲಿಲ್ಲ, ಮಗುವನ್ನು ಕರೆಯೋದಕ್ಕೇ ಬೇರೆ ಹೆಸರು ಹುಟ್ಟಿಕೊಳ್ಳುತ್ತಿತ್ತು. ಯಾರ ಬಾಯಲ್ಲಿ ಯಾವ ಹೆಸರು ಬರಬಾರದು ಅನ್ನೋದರಲ್ಲೇ ಒಂದು ಇಡೀ ಅಧ್ಯಾಯ ಇದೆ.

ಬಾಗೇಪಲ್ಲಿ ಹುಡುಗ:
ಹೆಸರಿಲ್ಲದ ಆ 18 ದಿನದ ಬಗ್ಗೆ ಬರೆಯಿರಿ. ನಮ್ಮ ಕಾನೂನಿನಲ್ಲೂ ಜನನವನ್ನು 21 ದಿನದೊಳಗೆ ತಿಳಿಸಬೇಕು, ಹೆಸರನ್ನು ಆಮೇಲೆ ಸೇರಿಸಬಹುದು. ಅಂದರೆ ಮಗು ಲೆಕ್ಕಕ್ಕೆ ಬಂದಿರುತ್ತದೆ, ಹೆಸರು ಬಂದಿರುವುದಿಲ್ಲ. ಊಮರಲ್ಲಿ ಅಷ್ಟರೊಳಗೆ ಸತ್ತ ಮರಿಗೆ ಜನ ಅಳುತ್ತಾರಾ, ಸುಮ್ನೆ ಇರುತ್ತಾರಾ? ಉಳಿದ ಮರಿಯ ಹೆಸರಿನಲ್ಲಿ ಸತ್ತ ಒಡಹುಟ್ಟಿದವರಿಗೊಂದು ಜಾಗ ಇರಲಿ, ಒಂದೊಂದು ಸದ್ದು ಆದರೂ ಸಾಕು.

ಹಾಗೇ, ಬೆಳಕಿನ ಕಡೆಯವರು ಕತ್ತಲೆ ಕಡೆಯವರು ಒಂದೇ ಥರ ಮಾತಾಡೋದಿಲ್ಲ ಅಲ್ವಾ? ನಮ್ಮಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಮ್ಮ ಕೂಗೋದೇ ಒಂದು ಹೆಸರು, ಹಾಜರಿ ಪುಸ್ತಕದಲ್ಲಿರೋದೇ ಇನ್ನೊಂದು.

ತುಮಕೂರು ಓದುಗಿ:
ಮೇಷ್ಟ್ರೇ, ಎದುರುಬದುರಾಗುವ ಹೊತ್ತನ್ನು ಹಾಗೇ ಎತ್ತಿಕೊಳ್ಳುತ್ತೇನೆ. ಸತ್ತ ಮರಿಗಳ ಸದ್ದು ಹೆಸರಿನಲ್ಲಿ ಇರಬೇಕು ಅನ್ನೋದು ತುಂಬಾ ಹಿಡಿಸಿತು, ಆದರೆ ಅದನ್ನು ತಾಯಿ ಒಬ್ಬಳೇ ಪೂರ್ತಿ ಹೇಳುತ್ತಾಳೆ, ಬೇರೆಯವರು ಕೊನೆಯ ಸದ್ದು ಮಾತ್ರ ಕೂಗಬೇಕು ಅಂತ ಮಾಡುತ್ತೇನೆ. ಶಿರಾ ಅಕ್ಕಾ, ನಮ್ಮ ಊಮರು ಮೊದಲ ದಾರಿಯವರು. ‘ಎಫ್’ ಕಾಣುವ ತನಕ ಎಲ್ಲ ಮರಿಗಳನ್ನೂ ಕಲ್ಲು ಅಂತಲೇ ಕರೆಯುತ್ತಾರೆ.