ಬಡಾವಣೆಯ ಉದ್ಯಾನಕ್ಕೂ ಊರ ಗುಡ್ಡಕ್ಕೂ ಸರ್ಕಾರಿ ಅನುದಾನ ಪಡೆಯುವುದು ಹೇಗೆ?

ಪ್ರಶ್ನೆ – ಗುಡ್ಡದಂಚಿನ ನಿವಾಸಿ

ಎಲ್ಲರಿಗೂ ನಮಸ್ಕಾರ. ನಮ್ಮದು ಪುರಸಭೆ ಇರುವ ತಾಲ್ಲೂಕು ಕೇಂದ್ರ. ಬಡಾವಣೆಯ ನಕ್ಷೆಯಲ್ಲಿ ಉದ್ಯಾನವೆಂದು ತೋರಿಸಿರುವ ಇಪ್ಪತ್ತೆರಡು ಗುಂಟೆ ಜಾಗದಲ್ಲಿ ಹದಿನೈದು ವರ್ಷಗಳಿಂದ ಪಾರ್ಥೇನಿಯಂ ಬಿಟ್ಟರೆ ಬೇರೇನೂ ಬೆಳೆದಿಲ್ಲ. ಒಂದು ಮೂಲೆಯಲ್ಲಿ ಒಡೆದ ಮನೆಗಳ ಇಟ್ಟಿಗೆ, ಗಾರೆ ಸುರಿಯುತ್ತಾರೆ. ಕಳೆದ ಬೇಸಿಗೆಯಲ್ಲಿ ಇನ್ನೊಂದು ಮೂಲೆಗೆ ತಗಡಿನ ಶೆಡ್ಡೊಂದು ಬಂದು ಕೂತಿದೆ. ಊರ ಹಿಂದೆ ಸುಮಾರು ಮೂವತ್ತು ಎಕರೆಯ ಸರ್ಕಾರಿ ಗುಡ್ಡವಿದ್ದು, ಬೆಳಗಿನ ಹೊತ್ತು ನೂರಾರು ಜನ ಅಲ್ಲಿನ ಕಾಲುದಾರಿಯಲ್ಲಿ ನಡೆಯುತ್ತಾರೆ. ಆ ದಾರಿ ಪ್ರತಿ ಮಳೆಗಾಲದಲ್ಲೂ ಕೊಚ್ಚಿಹೋಗುತ್ತದೆ. ಕಚೇರಿಯಲ್ಲಿ ವಿಚಾರಿಸಿದಾಗಲೆಲ್ಲ ‘ಉದ್ಯಾನಕ್ಕೆ ಅನುದಾನ ಬಂದಿಲ್ಲ’ ಎಂಬ ಒಂದೇ ಉತ್ತರ ಸಿಗುತ್ತಿದೆ. ಇಂಥ ಕೆಲಸಗಳಿಗೆ ಯಾವ ಯೋಜನೆಗಳಲ್ಲಿ ಹಣವಿದೆ? ನಿವಾಸಿಗಳ ಸಂಘವೇ ನೇರವಾಗಿ ಅರ್ಜಿ ಸಲ್ಲಿಸಬಹುದೇ?

ಉತ್ತರ – ನಿವೃತ್ತ ಎಂಜಿನಿಯರ್

ಸರ್, ಸಂಘಕ್ಕೆ ನೇರವಾಗಿ ಹಣ ಬರುವುದಿಲ್ಲ. ಪುರಸಭೆಯ ಕ್ರಿಯಾಯೋಜನೆಯಲ್ಲಿ ನಿಮ್ಮ ಉದ್ಯಾನದ ಹೆಸರು ಸೇರಬೇಕು. ‘ಅನುದಾನ ಬಂದಿಲ್ಲ’ ಎಂಬ ಮಾತು ಅರ್ಧ ಮಾತ್ರ ನಿಜ, ಏಕೆಂದರೆ ಉದ್ಯಾನಕ್ಕೆಂದೇ ಹೆಸರು ಬರೆದ ಹಣ ಎಲ್ಲಿಯೂ ಹೆಚ್ಚಾಗಿ ಇರುವುದಿಲ್ಲ. ಪಟ್ಟಣಗಳ ಮೂಲಸೌಕರ್ಯಕ್ಕಾಗಿ ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಅಮೃತ್ ಯೋಜನೆಯಲ್ಲಿ ಕೂಡ ಹಸಿರು ತಾಣಗಳಿಗೆ ಮೀಸಲಿದ್ದ ಪಾಲು ಹೆಚ್ಚೆಂದರೆ ಶೇ. 2.5, ಉಳಿದದ್ದು ಬಹುತೇಕ ನೀರು ಮತ್ತು ಒಳಚರಂಡಿಗೆ ಹೋಯಿತು. 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ನಿಮ್ಮಂಥ ಪಟ್ಟಣಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60ರಷ್ಟನ್ನು ನೀರು, ನೈರ್ಮಲ್ಯಗಳಿಗೆ ಕಟ್ಟಿಹಾಕಿ, ಶೇ. 40ರಷ್ಟನ್ನು ಮುಕ್ತವಾಗಿ ಬಿಟ್ಟಿತ್ತು. ಆ ಮುಕ್ತ ಭಾಗಕ್ಕಾಗಿ ರಸ್ತೆ, ಚರಂಡಿ, ಬೀದಿದೀಪಗಳೆಲ್ಲ ಸಾಲಿನಲ್ಲಿ ನಿಂತಿರುತ್ತವೆ. ಉದ್ಯಾನದ ಪರವಾಗಿ ಸಭೆಯಲ್ಲಿ ಬಾಯಿಬಿಡುವ ಒಬ್ಬ ಸದಸ್ಯನಾದರೂ ಇಲ್ಲದಿದ್ದರೆ ಅದು ಸಾಲಿನ ಕೊನೆಯಲ್ಲೇ ಉಳಿಯುತ್ತದೆ. ಇವಲ್ಲದೆ ರಾಜ್ಯ ಹಣಕಾಸು ಆಯೋಗದ ಅನುದಾನವಿದೆ, ಶಾಸಕರ ಮತ್ತು ಸಂಸದರ ಪ್ರದೇಶಾಭಿವೃದ್ಧಿ ನಿಧಿಗಳಿವೆ.

ಒಂದು ಎಚ್ಚರಿಕೆ ಹೇಳಬೇಕು. ನಾನು ಸೇವೆಯಲ್ಲಿದ್ದಾಗ ಒಂದು ಉದ್ಯಾನಕ್ಕೆ ಇಂಟರ್‌ಲಾಕ್ ಟೈಲ್ಸ್ ದಾರಿ, ಓಪನ್ ಜಿಮ್, ಕಾರಂಜಿ ಎಲ್ಲವನ್ನೂ ಅನುದಾನದಲ್ಲಿ ಮಾಡಿಸಿದ್ದೆವು. ನಾಲ್ಕು ತಿಂಗಳಲ್ಲಿ ಕಾರಂಜಿಯ ಮೋಟರ್ ಕಳುವಾಯಿತು, ಆರನೆಯ ತಿಂಗಳಲ್ಲಿ ಮಾಲಿಯ ಸಂಬಳ ನಿಂತಿತು. ಅನುದಾನದ ಹಣ ಬೋರ್‌ವೆಲ್ ಕೊರೆಸುತ್ತದೆಯೇ ಹೊರತು ಕರೆಂಟ್ ಬಿಲ್ ಕಟ್ಟುವುದಿಲ್ಲ. ಆದ್ದರಿಂದ ಅಂದಾಜು ಪಟ್ಟಿಯಲ್ಲಿ ಬೇಲಿ, ಹೊಂಗೆ ಸಸಿ, ಮಣ್ಣಿನ ದಾರಿ ಇಷ್ಟನ್ನೇ ಕೇಳಿ.

ಉತ್ತರ – ದಾಖಲೆ ನೋಡುವವರು

ಹಿರಿಯರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅರ್ಜಿಗಿಂತ ಮುಂಚಿನ ಹೆಜ್ಜೆಯೊಂದಿದೆ. ಆ ಇಪ್ಪತ್ತೆರಡು ಗುಂಟೆಯನ್ನು ಬಡಾವಣೆ ಮಾಡಿದವರು ಪುರಸಭೆಗೆ ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಟ್ಟಿದ್ದಾರೆಯೇ, ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ಮೊದಲು ನೋಡಿ. ಖಾತೆ ಬೇರೆಯವರ ಹೆಸರಿನಲ್ಲಿದ್ದರೆ ಯಾವ ಅನುದಾನವೂ ಅಲ್ಲಿ ನಿಲ್ಲುವುದಿಲ್ಲ. ನಿಮ್ಮ ತಗಡಿನ ಶೆಡ್ಡಿನ ಧೈರ್ಯವೂ ಬಹುಶಃ ಅಲ್ಲಿಂದಲೇ ಬಂದಿದೆ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಹಾಗೂ ತೆರೆದ ಜಾಗಗಳ ರಕ್ಷಣೆಗಾಗಿ 1985ರದ್ದೇ ಒಂದು ಕಾಯ್ದೆಯಿದೆ. ಅದರಡಿ ಇಂಥ ಜಾಗಗಳ ಪಟ್ಟಿಯನ್ನು ಸಿದ್ಧಪಡಿಸಬೇಕು. ನಿಮ್ಮದು ಆ ಪಟ್ಟಿಯಲ್ಲಿದೆಯೇ ಎಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಿ. ಬೆಂಗಳೂರಿನ ಸದಾಶಿವನಗರದಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದು ಸಲ್ಲದೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಬಿ. ಎಸ್. ಮುದ್ದಪ್ಪ ಪ್ರಕರಣದಲ್ಲಿ ತೀರ್ಪಿತ್ತಿತು. ಆ ಹೋರಾಟ ಮಾಡಿದವರು ಅಲ್ಲಿನ ನಿವಾಸಿಗಳೇ.

ಉತ್ತರ – ನ್ಯೂಜೆರ್ಸಿಯಿಂದ

ನಾನಿರುವ ರಾಜ್ಯದ ಪದ್ಧತಿಯೊಂದು ಇಲ್ಲಿ ಹೋಲಿಕೆಗೆ ಒದಗಬಹುದು. ನ್ಯೂಜೆರ್ಸಿಯಲ್ಲಿ ‘ಗ್ರೀನ್ ಏಕರ್ಸ್’ ಎಂಬ ಕಾರ್ಯಕ್ರಮ 1961ರಿಂದ ನಡೆಯುತ್ತಿದ್ದು, ಜನರೇ ಮತ ಹಾಕಿ ಒಪ್ಪಿದ ಸಾಲಪತ್ರಗಳ ಹಣದಿಂದ ಊರುಗಳಿಗೆ ಉದ್ಯಾನ ಮತ್ತು ಬಯಲು ಜಾಗಗಳನ್ನು ಕೊಳ್ಳಲು ನೆರವು ನೀಡುತ್ತ ಬಂದಿದೆ. ನನಗೆ ಮೆಚ್ಚಿಗೆಯಾದದ್ದು ಹಣಕ್ಕಿಂತ ಅದರ ಹಿಂದಿರುವ ಷರತ್ತು. ಊರೊಂದು ಈ ಅನುದಾನವನ್ನು ಒಮ್ಮೆ ಪಡೆದರೆ, ಆ ಜಾಗವಷ್ಟೇ ಅಲ್ಲ, ಆ ಹೊತ್ತಿಗೆ ಅದರ ಕೈಯಲ್ಲಿರುವ ಇತರ ಉದ್ಯಾನ ಮತ್ತು ಸಂರಕ್ಷಿತ ಜಾಗಗಳೆಲ್ಲ ಒಂದು ಪಟ್ಟಿಗೆ ಸೇರಿ ಕಟ್ಟುಬೀಳುತ್ತವೆ. ಮುಂದೆ ಅವುಗಳಲ್ಲಿ ಯಾವುದನ್ನಾದರೂ ಬೇರೆ ಕೆಲಸಕ್ಕೆ ಬಳಸಬೇಕೆಂದರೆ ರಾಜ್ಯ ಮಟ್ಟದ ಒಪ್ಪಿಗೆ ಬೇಕು, ಬದಲಿ ಜಾಗವನ್ನೋ ಪರಿಹಾರವನ್ನೋ ಕೊಡಬೇಕು. ನಿಮ್ಮಲ್ಲಿ ಹಣ ಒಂದು ಕಚೇರಿಯಿಂದಲೂ ಜಾಗದ ರಕ್ಷಣೆ ಬೇರೊಂದು ಕಾಯ್ದೆಯಿಂದಲೂ ಬರುವುದರಿಂದ, ಆ ಎರಡನ್ನು ಕೂಡಿಸುವ ಕೆಲಸ ನಿಮ್ಮ ಸಂಘದ ತಲೆಯ ಮೇಲೆಯೇ ಬೀಳುತ್ತದೆ.

ಉತ್ತರ – ಹುಲ್ಲುಗಾವಲು ಪ್ರೇಮಿ

ಗುಡ್ಡದ ಕುರಿತು ಯಾರೂ ಹೇಳಲಿಲ್ಲ. ಮೂವತ್ತು ಎಕರೆ ಎಂದರೆ ಸುಮಾರು ಹನ್ನೆರಡು ಹೆಕ್ಟೇರ್. ಕೇಂದ್ರದ ನಗರ ವನ ಯೋಜನೆ 10ರಿಂದ 50 ಹೆಕ್ಟೇರ್ ಜಾಗಗಳಿಗೆ ಕಾಂಪಾ ನಿಧಿಯಿಂದ (ಅರಣ್ಯಭೂಮಿಯನ್ನು ಬೇರೆ ಕೆಲಸಕ್ಕೆ ಬಳಸುವವರು ಪರಿಹಾರವಾಗಿ ಕಟ್ಟುವ ಹಣ) ಹೆಕ್ಟೇರಿಗೆ ನಾಲ್ಕು ಲಕ್ಷ ರೂಪಾಯಿ ಕೊಡುವುದರಿಂದ ಲೆಕ್ಕ ಚೆನ್ನಾಗಿಯೇ ಕೂಡಿಬರುತ್ತದೆ. ಪ್ರಸ್ತಾವ ಅರಣ್ಯ ಇಲಾಖೆಯ ಮೂಲಕ ಹೋಗಬೇಕು. ಆದರೆ ನನಗೆ ಅಳುಕಿದೆ. ಬಂಡೆ, ಬಾದೆ ಹುಲ್ಲು, ಕುರುಚಲು ಇರುವ ಗುಡ್ಡಕ್ಕೆ ಗುಂಡಿ ತೋಡಿ ಸಸಿ ನೆಟ್ಟರೆ ಲಾವಕ್ಕಿ, ಗೌಜಲಕ್ಕಿಗಳು ಎಲ್ಲಿಗೆ ಹೋಗಬೇಕು? ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ವೃಕ್ಷೋದ್ಯಾನ ಮಾಡುವ ಪ್ರಸ್ತಾವವನ್ನು 2021ರಲ್ಲಿ ಸುತ್ತಲಿನ ಜನರೇ ವಿರೋಧಿಸಿದ್ದರು. ಜೀವವೈವಿಧ್ಯ ಕಾಯ್ದೆಯಡಿ ನಿಮ್ಮ ಪುರಸಭೆಯಲ್ಲೂ ನಿರ್ವಹಣಾ ಸಮಿತಿ ಇರಬೇಕು. ಗುಡ್ಡದಲ್ಲಿ ಏನಿದೆ ಎಂಬುದನ್ನು ಮೊದಲು ಆ ಸಮಿತಿಯ ದಾಖಲಾತಿಗೆ ಸೇರಿಸಿ. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ಪಾರಂಪರಿಕ ಜೀವವೈವಿಧ್ಯ ತಾಣವಾದದ್ದು ಇದೇ ಕಾಯ್ದೆಯಡಿ. ಕಾಲುದಾರಿಗೆ ಬೇಕಿರುವುದು ನೀರು ಅಡ್ಡ ಹರಿದುಹೋಗುವಂತೆ ಹತ್ತಿಪ್ಪತ್ತು ಕಡೆ ಕಲ್ಲು ಸಾಲು. ಅದಕ್ಕೆ ಲಕ್ಷಗಳೇನೂ ಬೇಕಾಗಿಲ್ಲ.

ಗುಡ್ಡದಂಚಿನ ನಿವಾಸಿ

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಖಾತೆ ನಕಲು ತೆಗೆಸಿದೆವು. ಉದ್ಯಾನದ ಜಾಗ ಇಂದಿಗೂ ಬಡಾವಣೆ ಮಾಡಿದವರ ಹೆಸರಿನಲ್ಲಿದೆ. ಬಿಟ್ಟುಕೊಟ್ಟ ಪತ್ರ ನೋಂದಣಿಯಾಗಿಯೇ ಇಲ್ಲ. ಹೀಗಾಗಿ ಅನುದಾನದ ಅರ್ಜಿಯನ್ನು ಸದ್ಯಕ್ಕೆ ಮಡಚಿಟ್ಟು, ಮುಖ್ಯಾಧಿಕಾರಿಗಳಿಗೆ ಖಾತೆ ಬದಲಾವಣೆಯ ಮನವಿ ಬರೆಯುತ್ತಿದ್ದೇವೆ. ಗುಡ್ಡದ ಕಲ್ಲು ಸಾಲನ್ನು ಮುಂದಿನ ಭಾನುವಾರ ನಾವೇ ಆರಂಭಿಸಬಹುದೇ ಅಥವಾ ತಹಶೀಲ್ದಾರರ ಅನುಮತಿ ಬೇಕೇ?